ಪೋಲೆಂಡ್‌ನ ಜಾಝ್, ಅದರ ಸಣ್ಣ ತಂಡಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಲವು ವರ್ಷಗಳಿಂದ ಪೋಲೆಂಡ್‌ನ ಜಾಝ್ ಕೇಳುತ್ತಿದ್ದೇನೆ. ಗೆಳೆಯರಿಗೆ ಒಂದೆರಡು ಆಲ್ಬಂ ಕೇಳಿಸಿದರೆ ಸಾಕು, ಅವೇ ಪ್ರಶ್ನೆಗಳು ಮತ್ತೆ ಬರುತ್ತವೆ. ಅವುಗಳಿಗೆ ಒಂದೇ ಕಡೆ ಉತ್ತರ ಬರೆದಿಟ್ಟಿದ್ದೇನೆ. ಮೂರರಿಂದ ಐದು ಜನರ ತಂಡಗಳ ಬಗ್ಗೆಯೇ ಇಲ್ಲಿ ಮಾತು ಜಾಸ್ತಿ. ಪೋಲೆಂಡ್‌ನವರ ಕೈ ತುಂಬಾ ಪಳಗಿರುವುದು ಅಲ್ಲೇ.

ಜಾಝ್ ಅಮೆರಿಕದ್ದು ಅಲ್ವಾ? ಪೋಲೆಂಡ್‌ಗೆ ಹೇಗೆ ಬಂತು?

ಹುಟ್ಟಿದ್ದು ಅಮೆರಿಕದಲ್ಲೇ. ಆದರೆ ಪೋಲೆಂಡ್‌ನಲ್ಲಿ ಅದಕ್ಕೆ ಬೇರೆಯದೇ ಒಂದು ಕಥೆ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂತು. ಅಮೆರಿಕದ ಸಂಗೀತ ಅಂದರೆ ಆ ಸರ್ಕಾರಕ್ಕೆ ಆಗುತ್ತಿರಲಿಲ್ಲ. 1950ರ ದಶಕದ ಮೊದಲ ವರ್ಷಗಳಲ್ಲಿ ಹುಡುಗರು ಯಾರದಾದರೂ ಮನೆಯಲ್ಲಿ ಸೇರಿ, ಹೊರಗೆ ಹೆಚ್ಚು ಗೊತ್ತಾಗದ ಹಾಗೆ ನುಡಿಸುತ್ತಿದ್ದರು. ಪೋಲೆಂಡ್‌ನವರು ಆ ಕಾಲವನ್ನು ಇವತ್ತಿಗೂ 'ನೆಲಮಾಳಿಗೆಯ ಸಮಾಧಿಗಳ ಕಾಲ' ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ. ವೂಚ್ ಊರಿನ 'ಮೆಲೊಮಾನಿ' ತಂಡ ಆ ಕಾಲದ್ದು.

1953ರಲ್ಲಿ ಸ್ಟಾಲಿನ್ ಸತ್ತ ಮೇಲೆ ಬಿಗಿ ಸ್ವಲ್ಪ ಸಡಿಲವಾಯಿತು. 1956ರ ಆಗಸ್ಟ್‌ನಲ್ಲಿ ಬಾಲ್ಟಿಕ್ ಸಮುದ್ರದ ದಡದ ಸೊಪೊಟ್‌ನಲ್ಲಿ ದೊಡ್ಡ ಜಾಝ್ ಉತ್ಸವ ನಡೆಯಿತು. 1958ರಲ್ಲಿ 'ಜಾಝ್ ಜಂಬೊರಿ' ಉತ್ಸವ ಶುರುವಾಯಿತು. ಅದೇ ವರ್ಷ ಅಮೆರಿಕದ ಪಿಯಾನೊ ವಾದಕ ಡೇವ್ ಬ್ರೂಬೆಕ್ ತಮ್ಮ ಕ್ವಾರ್ಟೆಟ್ (ನಾಲ್ವರ ತಂಡ) ಜೊತೆ ಪೋಲೆಂಡ್ ಸುತ್ತಿದರು. ಪೋಲೆಂಡ್‌ನ ಹಳೆಯ ಪಿಯಾನೊ ಸಂಗೀತಕಾರ ಶೊಪಾನ್ ಅವರ ಸಂಗೀತದ ಗುಂಗಿನಲ್ಲಿ 'ಜೆಂಕುಯೆ' ಅನ್ನುವ ರಚನೆ ಮಾಡಿದರು. ಪೋಲಿಷ್‌ನಲ್ಲಿ ಹಾಗೆಂದರೆ 'ಧನ್ಯವಾದ'. ಅದೇ ಪ್ರವಾಸದಲ್ಲಿ ಅವರು ಭಾರತಕ್ಕೂ ಬಂದಿದ್ದರು.

ಇದನ್ನೆಲ್ಲ ಹೇಳುವುದಕ್ಕೆ ಕಾರಣ ಇದೆ. ಕದ್ದು ಕೇಳಬೇಕಾಗಿದ್ದ ಸಂಗೀತವನ್ನು ಜನ ಹಗುರವಾಗಿ ನುಡಿಸುವುದಿಲ್ಲ. ಆ ಗಂಭೀರತೆ ಅಲ್ಲಿನ ಹೊಸ ತಲೆಮಾರಿನಲ್ಲೂ ಇದೆ ಅಂತ ನನಗೆ ಅನ್ನಿಸುತ್ತದೆ.

ಮೊದಲು ಯಾವ ಆಲ್ಬಂ ಕೇಳಲಿ?

ಮಾರ್ಚಿನ್ ವಾಶಿಲೆಫ್ಸ್ಕಿ ಟ್ರಿಯೊದ 'ಜಾನ್ಯುವರಿ'. 2008ರಲ್ಲಿ ಬಂದದ್ದು. ಪಿಯಾನೊ, ಬಾಸ್, ಡ್ರಮ್ಸ್, ಮೂರೇ ವಾದ್ಯ. ರಾತ್ರಿ ಊಟ ಮುಗಿಸಿ, ದೀಪ ಸಣ್ಣಗೆ ಮಾಡಿ, ಮೊದಲ ಟ್ರ್ಯಾಕ್ 'ದಿ ಫಸ್ಟ್ ಟಚ್' ಹಾಕಿ. ಬೇರೆ ತಯಾರಿ ಏನೂ ಬೇಡ.

ಅದು ಹಿಡಿಸಿದರೆ ಟ್ರಂಪೆಟ್ ವಾದಕ ತೊಮಾಶ್ ಸ್ಟಾನ್ಕೊ ಅವರ 'ಸೋಲ್ ಆಫ್ ಥಿಂಗ್ಸ್'. ಆಮೇಲೆ ಪಿಯಾನೊ ವಾದಕ ಕ್ಷಿಶ್ಟೊಫ್ ಕೊಮೆಡಾ ಅವರ 'ಅಸ್ಟಿಗ್ಮ್ಯಾಟಿಕ್'. ಹೀಗೆ ಹೊಸದರಿಂದ ಹಳೆಯದಕ್ಕೆ ಹೋಗಿ. ತುಂಬಾ ಜನ 'ಅಸ್ಟಿಗ್ಮ್ಯಾಟಿಕ್' ಇಂದಲೇ ಶುರು ಮಾಡಿ ಅಂತಾರೆ. ಅದು ದೊಡ್ಡ ಕೃತಿ ಹೌದು, ಆದರೆ ಹೊಸಬರಿಗೆ ಸ್ವಲ್ಪ ಒರಟು ಅನ್ನಿಸಬಹುದು. ಅದಕ್ಕೆ ಹೋಗುವ ದಾರಿಯನ್ನು ವಾಶಿಲೆಫ್ಸ್ಕಿ ಮೆತ್ತಗೆ ತೆರೆದುಕೊಡುತ್ತಾರೆ. ಒಂದು ತಿಂಗಳು ಈ ಮೂರೇ ಸಾಕು.

ಈ ಕೊಮೆಡಾ ಯಾರು? ಎಲ್ಲರೂ ಅವರ ಹೆಸರೇ ಹೇಳುತ್ತಾರಲ್ಲ?

1931ರಲ್ಲಿ ಪೊಜ್ನಾನ್‌ನಲ್ಲಿ ಹುಟ್ಟಿದವರು. ನಿಜವಾದ ಹೆಸರು ಕ್ಷಿಶ್ಟೊಫ್ ತ್ಶ್ಚಿನ್ಸ್ಕಿ. ಓದಿದ್ದು ವೈದ್ಯಕೀಯ, ಕಿವಿ, ಮೂಗು, ಗಂಟಲಿನ ಡಾಕ್ಟರು. ಜಾಝ್ ನುಡಿಸುವುದು ಆಸ್ಪತ್ರೆಯ ಸಹೋದ್ಯೋಗಿಗಳಿಗೆ ಗೊತ್ತಾಗಬಾರದು ಅಂತ 'ಕೊಮೆಡಾ' ಅನ್ನುವ ಹೆಸರು ಇಟ್ಟುಕೊಂಡರು. ಕೊನೆಗೆ ಆ ಹೆಸರೇ ಉಳಿಯಿತು.

ಸಿನಿಮಾ ನೋಡುವವರು ಇವರ ಸಂಗೀತವನ್ನು ಹೆಸರು ಗೊತ್ತಿಲ್ಲದೆಯೇ ಕೇಳಿರುತ್ತಾರೆ. ರೋಮನ್ ಪೊಲಾನ್ಸ್ಕಿಯ 'ನೈಫ್ ಇನ್ ದಿ ವಾಟರ್', 'ರೋಸ್‌ಮರೀಸ್ ಬೇಬಿ' ಎರಡಕ್ಕೂ ಇವರದೇ ಸಂಗೀತ.

1965ರ ಡಿಸೆಂಬರ್‌ನಲ್ಲಿ ವಾರ್ಸಾದಲ್ಲಿ ಅವರ ಕ್ವಿಂಟೆಟ್ (ಐವರ ತಂಡ) 'ಅಸ್ಟಿಗ್ಮ್ಯಾಟಿಕ್' ಮುದ್ರಿಸಿತು. ಟ್ರಂಪೆಟ್‌ಗೆ ಸ್ಟಾನ್ಕೊ, ಆಲ್ಟೊ ಸ್ಯಾಕ್ಸೊಫೋನ್‌ಗೆ ಜ್ಬಿಗ್ನ್ಯೆಫ್ ನಾಮಿಸ್ವೊಫ್ಸ್ಕಿ, ಬಾಸ್‌ಗೆ ಜರ್ಮನಿಯ ಗುಂಟರ್ ಲೆಂಜ್, ಡ್ರಮ್ಸ್‌ಗೆ ಸ್ವೀಡನ್‌ನ ರೂನೆ ಕಾರ್ಲ್‌ಸನ್. ಇರುವುದು ಮೂರೇ ರಚನೆ. ಮೊದಲನೆಯದು ಎಲ್‌ಪಿಯ ಒಂದು ಇಡೀ ಬದಿ ತುಂಬುತ್ತದೆ. ಅಮೆರಿಕದ ಜಾಝ್‌ನಲ್ಲಿ ಸಾಮಾನ್ಯವಾಗಿ ಮೊದಲು ಒಂದು ರಾಗ ಬರುತ್ತದೆ, ಆಮೇಲೆ ಒಬ್ಬೊಬ್ಬರೇ ಸೋಲೊ ನುಡಿಸುತ್ತಾರೆ, ಕೊನೆಗೆ ಮತ್ತೆ ಅದೇ ರಾಗ. ಕೊಮೆಡಾ ಹಾಗೆ ಮಾಡಲಿಲ್ಲ. ಸಿನಿಮಾದ ದೃಶ್ಯಗಳು ಬದಲಾಗುವ ಹಾಗೆ ಸಂಗೀತದ ಬೆಳಕು ಬದಲಾಗುತ್ತಾ ಹೋಗುತ್ತದೆ. ಸೋಲೊ ನುಡಿಸುವವರು ಆ ದೃಶ್ಯದ ಒಳಗೇ ಇರುತ್ತಾರೆ.

ಲಾಸ್ ಏಂಜಲೀಸ್‌ನಲ್ಲಿ ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿದ ಕೊಮೆಡಾ 1969ರ ಏಪ್ರಿಲ್ 23ರಂದು ವಾರ್ಸಾದಲ್ಲಿ ತೀರಿಕೊಂಡರು. ಇನ್ನು ನಾಲ್ಕು ದಿನ ಕಳೆದಿದ್ದರೆ 38 ತುಂಬುತ್ತಿತ್ತು. ಇವತ್ತಿಗೂ ಅಲ್ಲಿನ ಯುವಕರು ತಮ್ಮ ಮೊದಲ ಆಲ್ಬಂಗೆ ಅವರ ರಚನೆಗಳನ್ನೇ ಆರಿಸಿಕೊಳ್ಳುವುದುಂಟು.

ಸ್ಟಾನ್ಕೊ ಅವರ ಆಲ್ಬಂಗಳು ತುಂಬಾ ಇವೆ. ಯಾವುದು ಮುಖ್ಯ?

1942ರಲ್ಲಿ ಝೆಶೂಫ್‌ನಲ್ಲಿ ಹುಟ್ಟಿದ ಸ್ಟಾನ್ಕೊ 1963ರಲ್ಲಿ ಕೊಮೆಡಾ ತಂಡ ಸೇರಿದರು. ಆಗ ಇಪ್ಪತ್ತೊಂದರ ಹುಡುಗ. ಕೊಮೆಡಾ ಹೋದ ಮೇಲೆ 1970ರಲ್ಲಿ 'ಮ್ಯೂಸಿಕ್ ಫಾರ್ ಕೆ' ಅಂತ ಅವರಿಗೇ ಅರ್ಪಿಸಿದ ಆಲ್ಬಂ ಮಾಡಿದರು. ಅದರಲ್ಲಿ ಸಂಕಟ ಇದೆ, ಸಿಟ್ಟೂ ಇದೆ. 1976ರಲ್ಲಿ ಬಂದ 'ಬಾಲಾದಿನಾ' ಇನ್ನೊಂದು ಎತ್ತರ. ಅದರಲ್ಲಿ ಬಾಸ್ ನುಡಿಸಿದ್ದು ಡೇವ್ ಹಾಲೆಂಡ್.

ನನಗೆ ಹತ್ತಿರವಾದದ್ದು 1997ರ 'ಲಿತಾನಿಯಾ'. ಇಡೀ ಆಲ್ಬಂ ಕೊಮೆಡಾ ಅವರ ರಚನೆಗಳದ್ದೇ. ಅದರಲ್ಲಿ ಸ್ಯಾಕ್ಸೊಫೋನ್ ನುಡಿಸಿದ ಬರ್ನ್ಟ್ ರೋಸೆನ್‌ಗ್ರೆನ್, 'ನೈಫ್ ಇನ್ ದಿ ವಾಟರ್' ಸಂಗೀತದಲ್ಲೂ ನುಡಿಸಿದ್ದವರು. ಅಷ್ಟು ವರ್ಷಗಳ ನಂತರ ಅದೇ ಮನುಷ್ಯ ಅದೇ ರಾಗಕ್ಕೆ ವಾಪಸು ಬರುವುದನ್ನು ಕೇಳುವಾಗ ಎದೆ ತುಂಬಿ ಬರುತ್ತದೆ.

2002ರ 'ಸೋಲ್ ಆಫ್ ಥಿಂಗ್ಸ್'ನಲ್ಲಿ ಹದಿಮೂರು ಟ್ರ್ಯಾಕ್ ಇವೆ. ಯಾವುದಕ್ಕೂ ಬೇರೆ ಹೆಸರಿಲ್ಲ, ಬರೀ ಒಂದರಿಂದ ಹದಿಮೂರರವರೆಗೆ ಸಂಖ್ಯೆ. ಅದೇ ವರ್ಷ ಅವರಿಗೆ ಮೊಟ್ಟಮೊದಲ ಯುರೋಪಿಯನ್ ಜಾಝ್ ಪ್ರಶಸ್ತಿ ಬಂತು. ಆಮೇಲೆ ನ್ಯೂಯಾರ್ಕ್‌ನ ಹುಡುಗರ ಜೊತೆ ಇನ್ನೊಂದು ಕ್ವಾರ್ಟೆಟ್ ಕಟ್ಟಿದರು. ಕವಿ ವಿಸ್ವಾವಾ ಶಿಂಬೊರ್ಸ್ಕಾ ಅವರ ನೆನಪಿಗೆ ಮಾಡಿದ 2013ರ ಜೋಡಿ ಆಲ್ಬಂ 'ವಿಸ್ವಾವಾ' ಆ ಕ್ವಾರ್ಟೆಟ್‌ನದು. ಸ್ಟಾನ್ಕೊ 2018ರಲ್ಲಿ ತೀರಿಕೊಂಡರು.

ಅವರ ಟ್ರಂಪೆಟ್ ದನಿ ನುಣುಪಲ್ಲ. ಉಸಿರು, ಗೊಗ್ಗರು ಎರಡೂ ಕೇಳಿಸುತ್ತವೆ. ನೆಗಡಿಯಾದವರು ಯಾವುದೋ ಮುಖ್ಯವಾದ ಮಾತನ್ನು ಮೆಲ್ಲಗೆ ಹೇಳುತ್ತಿರುವ ಹಾಗೆ.

ವಾಶಿಲೆಫ್ಸ್ಕಿ ಟ್ರಿಯೊದಲ್ಲಿ ಅಂಥ ವಿಶೇಷ ಏನು?

ಈ ಪ್ರಶ್ನೆಗೆ ನಾನು ಎಷ್ಟು ಬೇಕಾದರೂ ಉತ್ತರ ಕೊಡಬಲ್ಲೆ.

ಪಿಯಾನೊದ ಮಾರ್ಚಿನ್ ವಾಶಿಲೆಫ್ಸ್ಕಿ, ಬಾಸ್‌ನ ಸ್ವಾವೊಮಿರ್ ಕುರ್ಕ್ಯೆವಿಚ್ ಇಬ್ಬರೂ 1975ರಲ್ಲಿ ಹುಟ್ಟಿದವರು. ಕೊಶಾಲಿನ್ ಊರಿನ ಸಂಗೀತ ಶಾಲೆಯಲ್ಲಿ ಜೊತೆಗಾರರು. ಡ್ರಮ್ಸ್‌ನ ಮಿಖಾವ್ ಮಿಶ್ಕ್ಯೆವಿಚ್ ಅವರಿಗಿಂತ ಎರಡು ವರ್ಷ ಚಿಕ್ಕವರು. ಅವರ ತಂದೆ ಹೆನ್ರಿಕ್ ಹೆಸರಾಂತ ಸ್ಯಾಕ್ಸೊಫೋನ್ ವಾದಕ. ಹರೆಯದಲ್ಲಿ ಕಟ್ಟಿದ ತಂಡಕ್ಕೆ 'ಸಿಂಪಲ್ ಅಕೂಸ್ಟಿಕ್ ಟ್ರಿಯೊ' ಅಂತ ಹೆಸರಿಟ್ಟರು. 1995ರ ಮೊದಲ ಆಲ್ಬಂ ಕೊಮೆಡಾ ಅವರ ರಚನೆಗಳದ್ದು. ಅಷ್ಟರಲ್ಲಾಗಲೇ ಸ್ಟಾನ್ಕೊ ಈ ಮೂವರನ್ನು ತಮ್ಮ ಕ್ವಾರ್ಟೆಟ್‌ಗೆ ಕರೆದುಕೊಂಡಿದ್ದರು. 'ಸೋಲ್ ಆಫ್ ಥಿಂಗ್ಸ್', 'ಸಸ್ಪೆಂಡೆಡ್ ನೈಟ್', 'ಲೊಂತಾನೊ' ಮೂರರಲ್ಲೂ ಸ್ಟಾನ್ಕೊ ಹಿಂದೆ ಇರುವುದು ಇವರೇ.

ನೋಡಿ, ಕೊಮೆಡಾ ಇಪ್ಪತ್ತೊಂದರ ಸ್ಟಾನ್ಕೊನನ್ನು ಕರೆದರು. ಸ್ಟಾನ್ಕೊ ಹತ್ತೊಂಬತ್ತರ ಆಸುಪಾಸಿನ ಹುಡುಗರನ್ನು ಕರೆದರು. ಹೇಳಿಕೊಟ್ಟದ್ದು ಪಾಠದ ಕೋಣೆಯಲ್ಲಿ ಅಲ್ಲ, ವೇದಿಕೆ ಮೇಲೆ. ಪೋಲೆಂಡ್‌ನಲ್ಲಿ ಸಂಗೀತ ಕಾಲೇಜುಗಳೂ ಇವೆ, ಕಾಟೊವಿಟ್ಸೆಯಲ್ಲಿ 1968ರಲ್ಲೇ ಜಾಝ್ ವಿಭಾಗ ಶುರುವಾಯಿತು. ಆದರೂ ಈ ಸಂಗೀತದ ತಿರುಳು ಕೈಯಿಂದ ಕೈಗೆ ದಾಟಿದ್ದು ಸಣ್ಣ ತಂಡಗಳ ಒಳಗೆ ಅಂತ ನಾನು ನಂಬುತ್ತೇನೆ. ನಾಲ್ಕೈದು ಜನ ಮಾತ್ರ ಇದ್ದಾಗ ಹೊಸಬ ಎಲ್ಲೂ ಅಡಗಿಕೊಳ್ಳುವಂತಿಲ್ಲ. ಅವನು ನುಡಿಸಿದ ಪ್ರತಿ ಸ್ವರಕ್ಕೂ ಹಿರಿಯರು ಅಲ್ಲೇ ಉತ್ತರ ಕೊಡುತ್ತಾರೆ.

ಅದೇ ಮೂವರು, ಅದೇ ತಂಡ, ಮೂವತ್ತು ವರ್ಷ ದಾಟಿತು. ಅದರ ಫಲ ಕಿವಿಗೆ ಗೊತ್ತಾಗುತ್ತದೆ. ವಾಶಿಲೆಫ್ಸ್ಕಿ ಒಂದು ಸಾಲನ್ನು ಅರ್ಧಕ್ಕೆ ಬಿಟ್ಟರೆ ಕುರ್ಕ್ಯೆವಿಚ್ ಅದನ್ನು ಮುಗಿಸುವುದಿಲ್ಲ. ಹಾಗೇ ಬಿಡುತ್ತಾರೆ. ಆ ಖಾಲಿ ಜಾಗಕ್ಕೆ ಮಿಶ್ಕ್ಯೆವಿಚ್ ಡ್ರಮ್ಸ್‌ನ ಲೋಹದ ತಟ್ಟೆ ಸಿಂಬಲ್ ಅನ್ನು ಒಂದೇ ಒಂದು ಸಲ ಸೋಕಿಸುತ್ತಾರೆ. ಅಷ್ಟೇ. ತುಂಬಬೇಕು ಅನ್ನುವ ಆತುರ ಯಾರಿಗೂ ಇಲ್ಲ.

ಇವರು ಪಾಪ್ ಹಾಡುಗಳನ್ನೂ ನುಡಿಸುತ್ತಾರಂತೆ, ಹೌದಾ?

ಹೌದು. 2005ರ 'ಟ್ರಿಯೊ' ಆಲ್ಬಂನಲ್ಲಿ ಐಸ್‌ಲೆಂಡ್‌ನ ಗಾಯಕಿ ಬ್ಯೋರ್ಕ್ ಅವರ 'ಹೈಪರ್‌ಬ್ಯಾಲಡ್' ಇದೆ. 'ಜಾನ್ಯುವರಿ'ಯಲ್ಲಿ ಅಮೆರಿಕದ ಗಾಯಕ ಪ್ರಿನ್ಸ್ ಅವರ 'ಡೈಮಂಡ್ಸ್ ಅಂಡ್ ಪರ್ಲ್ಸ್', ಜೊತೆಗೆ ಎನ್ನಿಯೊ ಮೊರಿಕೋನೆಯ 'ಸಿನಿಮಾ ಪಾರಡಿಸೊ'. 2021ರ 'ಆನ್ ಅತಾಂದಾಂ'ನಲ್ಲಿ ಬಾಖ್ ಮತ್ತು ಡೋರ್ಸ್ ತಂಡದ 'ರೈಡರ್ಸ್ ಆನ್ ದಿ ಸ್ಟಾರ್ಮ್' ಒಂದೇ ಮನೆಯಲ್ಲಿ ಇವೆ. ಹಿಟ್ ಹಾಡು ಅಂತ ಸುಮ್ನೆ ಸೇರಿಸಿದ್ದಲ್ಲ. ರಾಗವನ್ನು ಬಿಚ್ಚಿ, ನಿಧಾನ ಮಾಡಿ, ಅದರ ಒಳಗಿನ ಬೇಸರವನ್ನೋ ಆಸೆಯನ್ನೋ ಹೊರಗೆ ತರುತ್ತಾರೆ.

ಇಷ್ಟು ನಿಧಾನ ಯಾಕೆ? ಎಲ್ಲ ದುಃಖದ ಸಂಗೀತವೇ?

ಎಲ್ಲ ಅಲ್ಲ. ಆದರೆ ಕೇಳಿದ್ದು ತಪ್ಪೇನೂ ಅಲ್ಲ.

ಒಂದು ಕಾರಣ ಇಸಿಎಂ ಎಂಬ ಕಂಪನಿ. ಮ್ಯಾನ್‌ಫ್ರೆಡ್ ಐಶರ್ 1969ರಲ್ಲಿ ಮ್ಯೂನಿಕ್‌ನಲ್ಲಿ ಶುರು ಮಾಡಿದ್ದು. ದನಿಯ ಸುತ್ತ ತುಂಬಾ ಜಾಗ ಬಿಟ್ಟು ಮುದ್ರಿಸುವುದು ಅವರ ರೀತಿ. ನಮಗೆ ಸುಲಭವಾಗಿ ಸಿಗುವ ಪೋಲಿಷ್ ಜಾಝ್‌ನಲ್ಲಿ ಹೆಚ್ಚಿನದು ಅಲ್ಲಿಂದಲೇ ಬಂದಿದೆ. ಹಾಗಾಗಿ ಇಡೀ ದೇಶವೇ ಹೀಗೆ ನುಡಿಸುತ್ತದೆ ಅನ್ನಿಸಿಬಿಡುತ್ತದೆ. ಇನ್ನೊಂದು ಕಾರಣ ಶೊಪಾನ್. ಪೋಲೆಂಡ್‌ನ ಪಿಯಾನೊ ವಾದಕರು ಚಿಕ್ಕಂದಿನಿಂದ ನುಡಿಸಿ ಬೆಳೆಯುವ ಸಂಗೀತ ಅದು. ತಾಳವನ್ನು ಒಂಚೂರು ಎಳೆದು, ಒಂಚೂರು ಬಿಡುವ ಅಭ್ಯಾಸ ಅಲ್ಲಿಂದಲೇ ಬೆರಳಿಗೆ ಹತ್ತುತ್ತದೆ.

ಜೋರಾದದ್ದು ಬೇಕಾದರೆ ವ್ರೊತ್ಸ್ವಾಫ್ ಊರಿನ 'ಇಎಬಿಎಸ್' ತಂಡ ಕೇಳಿ. 2017ರಲ್ಲಿ ಕೊಮೆಡಾ ರಚನೆಗಳನ್ನು ಹಿಪ್‌ಹಾಪ್ ತಾಳಕ್ಕೆ ಕೂರಿಸಿ 'ರಿಪಿಟಿಶನ್ಸ್' ಅನ್ನುವ ಆಲ್ಬಂ ತಂದರು. ಅವರ ಕಂಪನಿಯ ಹೆಸರೇ 'ಅಸ್ಟಿಗ್ಮ್ಯಾಟಿಕ್ ರೆಕಾರ್ಡ್ಸ್'. ಅದೇ ತಂಡದ ನಾಲ್ವರು ಸೇರಿ ಮಾಡಿಕೊಂಡ 'ಬ್ವೊತೊ' ಇನ್ನೂ ಒರಟು. ಆ ಪದದ ಅರ್ಥ ಕೆಸರು. 2020ರ 'ಎರೊಜ್ಯೆ' ಕೇಳಿದರೆ ಹೆಸರು ಯಾಕೆ ಹಾಗೆ ಅಂತ ಗೊತ್ತಾಗುತ್ತದೆ.

ಸ್ಯಾಕ್ಸೊಫೋನ್ ಇಷ್ಟ ನನಗೆ. ಯಾರನ್ನು ಕೇಳಲಿ?

ಮಾಚೆಯ್ ಒಬಾರಾ. 1981ರಲ್ಲಿ ಹುಟ್ಟಿದವರು, ಆಲ್ಟೊ ನುಡಿಸುತ್ತಾರೆ. ಅವರ ಕ್ವಾರ್ಟೆಟ್‌ನಲ್ಲಿ ಅರ್ಧ ಪೋಲೆಂಡ್, ಅರ್ಧ ನಾರ್ವೆ. ಪಿಯಾನೊ ದೊಮಿನಿಕ್ ವಾನ್ಯಾ ಅವರದು, ಬಾಸ್ ಉಲೆ ಮೊರ್ಟನ್ ವೊಗಾನ್, ಡ್ರಮ್ಸ್ ಗಾರ್ ನಿಲ್ಸೆನ್. 2017ರ 'ಅನ್‌ಲವ್ಡ್', 2019ರ 'ಥ್ರೀ ಕ್ರೌನ್ಸ್', 2023ರ 'ಫ್ರೋಜನ್ ಸೈಲೆನ್ಸ್' ಮೂರೂ ಇವರದೇ. ಕೊನೆಯದರ ರಚನೆಗಳು ಕೋವಿಡ್ ಕಾಲದ ಒಂಟಿತನದಲ್ಲಿ, ತಮ್ಮ ಊರಿನ ಹತ್ತಿರದ ಕಾರ್ಕೊನೊಶೆ ಬೆಟ್ಟಗಳಲ್ಲಿ ಓಡಾಡುವಾಗ ಹುಟ್ಟಿದವು. ವಾನ್ಯಾ ಒಬ್ಬರೇ ನುಡಿಸಿದ 2020ರ 'ಲೋನ್ಲಿ ಶಾಡೋಸ್' ಕೂಡ ಬಿಡಬೇಡಿ.

ಹಳಬರಲ್ಲಿ ನಾಮಿಸ್ವೊಫ್ಸ್ಕಿ. 1973ರ 'ವಿನೊಬ್ರಾನ್ಯೆ' ಆಲ್ಬಂ ಹಳ್ಳಿಯ ಕುಣಿತ, ಬ್ಲೂಸ್ ಎರಡನ್ನೂ ಒಟ್ಟಿಗೆ ಹೊತ್ತುಕೊಂಡಿದೆ. 2022ರಲ್ಲಿ ಅವರು ಹೋದಾಗ ಒಂದು ಇಡೀ ಕಾಲ ಮುಗಿದಂತೆ ಆಯಿತು.

ಪಿಟೀಲು ಇದೆಯಾ?

ಧಾರಾಳವಾಗಿ. 1979ರಲ್ಲಿ, ಮೂವತ್ತೆರಡನೇ ವಯಸ್ಸಿಗೇ ಹೋಗಿಬಿಟ್ಟ ಜ್ಬಿಗ್ನ್ಯೆಫ್ ಸೈಫರ್ಟ್ ಅಲ್ಲಿನ ಜಾಝ್ ಪಿಟೀಲಿಗೆ ದಾರಿ ಹಾಕಿದವರು. ಸ್ಟಾನ್ಕೊ ಅವರ ಮೊದಲ ಕ್ವಿಂಟೆಟ್‌ನಲ್ಲಿದ್ದರು. ಈಗಿನವರಲ್ಲಿ 1986ರಲ್ಲಿ ಹುಟ್ಟಿದ ಆದಮ್ ಬಾವ್ದಿಖ್. ನಾರ್ವೆಯ ಹೆಲ್ಗೆ ಲೀನ್ ಟ್ರಿಯೊ ಜೊತೆ ಮಾಡಿದ 2015ರ 'ಬ್ರಿಜಸ್' ಒಳ್ಳೆಯ ಶುರು.

ಮಹಿಳೆಯರು ಯಾರಿದ್ದಾರೆ?

ಪಿಯಾನೊ ವಾದಕಿ ಕಾಶಾ ಪ್ಯೆತ್ಶ್ಕೊ ತಮ್ಮದೇ ಟ್ರಿಯೊ ನಡೆಸುತ್ತಾರೆ. 'ಒ.ಎನ್.ಇ. ಕ್ವಿಂಟೆಟ್'ನಲ್ಲಿ ಇದ್ದ ಐವರೂ ಮಹಿಳೆಯರೇ. ಇನ್ನೂ ಜಾಸ್ತಿ ಜನ ಬರಬೇಕು ಅನ್ನುವುದು ನನ್ನ ಆಸೆ.

ಭಾರತಕ್ಕೂ ಇದಕ್ಕೂ ಏನಾದರೂ ನಂಟು?

ಇದೆ, ಅದೂ ನಮ್ಮ ಬೆಂಗಳೂರಿಗೇ.

ಮೊದಲು ಹಳೆಯದು ಹೇಳುತ್ತೇನೆ. 1980ರಲ್ಲಿ ಸ್ಟಾನ್ಕೊ ಟ್ರಂಪೆಟ್ ಹಿಡಿದುಕೊಂಡು ಭಾರತಕ್ಕೆ ಬಂದರು. ತಾಜ್ ಮಹಲ್ ಒಳಗೆ, ಆಮೇಲೆ ಮಹಾರಾಷ್ಟ್ರದ ಕಾರ್ಲಾ ಗುಹೆಗಳಲ್ಲಿ ಒಬ್ಬರೇ ನಿಂತು ನುಡಿಸಿ ಮುದ್ರಿಸಿಕೊಂಡರು. ಒಂದು ಸ್ವರ ಬಿಟ್ಟರೆ ಅದು ಗುಮ್ಮಟಕ್ಕೆ ಹೋಗಿ, ತಿರುಗಿ ಬಂದು, ಮುಂದಿನ ಸ್ವರಕ್ಕೆ ಜೊತೆಯಾಗುತ್ತದೆ. ಅಲ್ಲಿ ಬೇರೆ ವಾದಕರಿಲ್ಲ, ಕಲ್ಲೇ ಜೊತೆಗಾರ.

ಇನ್ನು ಬೆಂಗಳೂರು. ಪೊಜ್ನಾನ್‌ನ ಕ್ಲಾರಿನೆಟ್ ವಾದಕ ವಾತ್ಸ್ವಾಫ್ ಜಿಂಪೆಲ್ ನಮ್ಮ ಘಟಂ ವಿದ್ವಾಂಸ ಗಿರಿಧರ ಉಡುಪ ಅವರೊಂದಿಗೆ ಸೇರಿ 'ಸಾಗರ' ಅನ್ನುವ ತಂಡ ಕಟ್ಟಿದರು. ಮೊದಲ ಆಲ್ಬಂ 2015ರಲ್ಲಿ ಬಂತು. 2017ರ ಎರಡನೆಯದರಲ್ಲಿ ಖಂಜಿರಕ್ಕೆ ಭಾರ್ಗವ ಹಾಲಂಬಿ, ತವಿಲ್‌ಗೆ ಕೆ. ರಾಜಾ, ಪಿಟೀಲಿಗೆ ಮೈಸೂರು ಎನ್. ಕಾರ್ತಿಕ್ ಇದ್ದಾರೆ. 2024ರಲ್ಲಿ ಮೂರನೆಯದೂ ಬಂತು. ಕ್ಲಾರಿನೆಟ್‌ನಲ್ಲಿ ರಾಗ ನುಡಿಸಲು ಹೋಗಿ ಕಛೇರಿಯ ನಕಲು ಮಾಡುವುದು ಸುಲಭವಿತ್ತು. ಜಿಂಪೆಲ್ ಹಾಗೆ ಮಾಡಲಿಲ್ಲ. ಸಣ್ಣ ಸಣ್ಣ ಸಾಲುಗಳನ್ನು ಮತ್ತೆ ಮತ್ತೆ ನುಡಿಸುತ್ತಾ ಘಟಂ, ತವಿಲ್ ಬೆಳೆಯಲು ಜಾಗ ಬಿಟ್ಟರು. ತನಿ ಆವರ್ತನ ಕೇಳಿ ಬೆಳೆದ ಕಿವಿಗೆ ಇದು ಪರಿಚಿತವೂ ಹೌದು, ಹೊಸತೂ ಹೌದು. ಬೆಂಗಳೂರಿನಲ್ಲೇ ಎಷ್ಟೋ ಜನಕ್ಕೆ ಈ ತಂಡ ಗೊತ್ತಿಲ್ಲ ಅನ್ನುವುದು ನನಗೆ ನಿಜವಾಗಿಯೂ ಬೇಸರ.

ಇನ್ನೊಬ್ಬರು ಬಾಸ್ ವಾದಕ ಮಿಖಾವ್ ಬರಾನ್ಸ್ಕಿ. ಇವರು ಕೊನ್ನಕೋಲ್, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲೇ ಹೇಳುವ ಕಲೆ, ಕಲಿತಿದ್ದಾರೆ. 2022ರ 'ಮಸೋವಿಯನ್ ಮಂತ್ರ' ಆಲ್ಬಂನಲ್ಲಿ ಮಾಜೊವ್ಶೆ ಪ್ರಾಂತ್ಯದ ಜಾನಪದವನ್ನೂ ಕೊನ್ನಕೋಲನ್ನೂ ಒಟ್ಟಿಗೆ ತಂದಿದ್ದಾರೆ. ಅಲ್ಲಿನ ಮಜುರ್ಕಾ ಮೂರು ಎಣಿಕೆಯ ಕುಣಿತ. ಒತ್ತು ಮೊದಲ ಎಣಿಕೆಗೆ ಬೀಳದೆ ಎರಡಕ್ಕೋ ಮೂರಕ್ಕೋ ಜಾರುತ್ತದೆ. ಇದು ನಮ್ಮ ಸೊಲ್ಲುಕಟ್ಟಿನ ಜೊತೆ ಎಷ್ಟು ಸಲೀಸಾಗಿ ಕೂಡುತ್ತದೆ ಅಂತ ಕೇಳಿಯೇ ನೋಡಬೇಕು. ಬರಾನ್ಸ್ಕಿ ಅವರ ಬಾಸ್ ಬೇಕಾದರೆ ಯುವ ಸ್ಯಾಕ್ಸೊಫೋನ್ ವಾದಕ ಕುಬಾ ವ್ಯೆಂತ್ಸೆಕ್ ಟ್ರಿಯೊದ 2017ರ 'ಅನದರ್ ರೇನ್‌ಡ್ರಾಪ್' ಹುಡುಕಿ.

'ಪೋಲಿಷ್ ಜಾಝ್' ಅಂತ ಸಂಖ್ಯೆ ಹಾಕಿರುವ ಎಲ್‌ಪಿಗಳು ಏನು?

ಸರ್ಕಾರಿ ಕಂಪನಿ ಪೋಲ್ಸ್ಕ್ಯೆ ನಾಗ್ರಾನ್ಯಾ 1965ರಿಂದ 1989ರವರೆಗೆ ತಂದ ಸರಣಿ. ಒಟ್ಟು 76 ಆಲ್ಬಂ. 'ಅಸ್ಟಿಗ್ಮ್ಯಾಟಿಕ್' ಅದರಲ್ಲಿ 5ನೆಯದು, 'ಮ್ಯೂಸಿಕ್ ಫಾರ್ ಕೆ' 22ನೆಯದು. 2016ರಲ್ಲಿ ನಾಮಿಸ್ವೊಫ್ಸ್ಕಿ ಅವರ 77ನೆಯ ಆಲ್ಬಂ ಜೊತೆ ಸರಣಿ ಮತ್ತೆ ಶುರುವಾಯಿತು. 78ನೆಯದು ಆಗಿನ್ನೂ ಹೊಸಬರಾಗಿದ್ದ ವ್ಯೆಂತ್ಸೆಕ್ ಅವರದು. ಎಂಬತ್ತರ ಹತ್ತಿರದ ಹಿರಿಯರ ಪಕ್ಕದ ಸಂಖ್ಯೆಯೇ ಒಬ್ಬ ಹುಡುಗನಿಗೆ ಸಿಕ್ಕಿತು.

ಈ ಹೆಸರುಗಳನ್ನು ಹೇಗೆ ಹೇಳುವುದು?

ಕನ್ನಡದವರಿಗೆ ಇದು ಇಂಗ್ಲಿಷ್‌ನವರಷ್ಟು ಕಷ್ಟವಿಲ್ಲ. ಪೋಲಿಷ್‌ನಲ್ಲಿ ಡಬ್ಲ್ಯೂ ಕಂಡರೆ 'ವ' ಅನ್ನಿ, ಪದದ ಕೊನೆಯಲ್ಲಿದ್ದರೆ 'ಫ್'. ಅಡ್ಡಗೀಟು ಹಾಕಿದ ಎಲ್ ಕಂಡರೆ ಇಂಗ್ಲಿಷ್‌ನವರು ತುಟಿ ಸುತ್ತಿ ಹೇಳುವ 'ವ'. ಸಿ, ಝಡ್ ಒಟ್ಟಿಗೆ ಬಂದರೆ 'ಚ'. ಎಸ್, ಝಡ್ ಬಂದರೆ 'ಶ'. ಒತ್ತು ಯಾವಾಗಲೂ ಹೆಚ್ಚುಕಡಿಮೆ ಕೊನೆಯಿಂದ ಎರಡನೇ ಅಕ್ಷರದ ಮೇಲೆ.

ಎಲ್ಲಿ ಸಿಗುತ್ತವೆ?

ಇಸಿಎಂ ಆಲ್ಬಂಗಳು 2017ರ ನವೆಂಬರ್‌ನಿಂದ ಸ್ಟ್ರೀಮಿಂಗ್‌ನಲ್ಲಿವೆ. ಹಳೆಯ 'ಪೋಲಿಷ್ ಜಾಝ್' ಸರಣಿಯ ಹಲವು ಆಲ್ಬಂಗಳು ಮರುಮುದ್ರಣವಾಗಿವೆ. ಸಣ್ಣ ಕಂಪನಿಗಳ ಆಲ್ಬಂಗಳಿಗೆ ಬ್ಯಾಂಡ್‌ಕ್ಯಾಂಪ್ ಅನ್ನುವ ಸಂಗೀತ ಮಾರುವ ಜಾಲತಾಣ ನೋಡಿ. ಆಗುವುದಾದರೆ ದುಡ್ಡು ಕೊಟ್ಟೇ ತೆಗೆದುಕೊಳ್ಳಿ, ಮೂರು ಜನರ ತಂಡಕ್ಕೆ ಅದು ಸಣ್ಣ ಸಹಾಯವಲ್ಲ.

ಒಂದು ಟ್ರ್ಯಾಕ್‌ನಲ್ಲಿ ಎಷ್ಟು ಮೊದಲೇ ಬರೆದದ್ದು, ಎಷ್ಟು ಅಲ್ಲೇ ಹುಟ್ಟಿದ್ದು?

ಒಂದೊಂದರಲ್ಲಿ ಒಂದೊಂದು ಥರ. ಕೆಲವಕ್ಕೆ ನಾಲ್ಕು ಸಾಲಿನ ರಾಗ ಇರುತ್ತದೆ, ಕೆಲವಕ್ಕೆ ಅದೂ ಇಲ್ಲ. 'ಜಾನ್ಯುವರಿ'ಯ ಕೊನೆಯ ಟ್ರ್ಯಾಕ್ 'ನ್ಯೂಯಾರ್ಕ್ 2007' ಸ್ಟುಡಿಯೊದಲ್ಲೇ ಮೂವರೂ ಸೇರಿ ಹುಟ್ಟಿಸಿದ್ದು.

ಇದನ್ನು ತಿಳಿಯಲು ಒಂದು ಒಳ್ಳೆಯ ದಾರಿ ಇದೆ. ವಾಶಿಲೆಫ್ಸ್ಕಿ ಟ್ರಿಯೊದ 2014ರ 'ಸ್ಪಾರ್ಕ್ ಆಫ್ ಲೈಫ್' ಕೇಳಿ. ಆಮೇಲೆ 2018ರಲ್ಲಿ ಬಂದ 'ಲೈವ್' ಹಾಕಿ. ಅದು 2016ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನ ಉತ್ಸವದಲ್ಲಿ ಮುದ್ರಿಸಿದ್ದು. ಎರಡರಲ್ಲೂ ಇರುವ ರಚನೆಗಳನ್ನು ಪಕ್ಕಪಕ್ಕ ಇಟ್ಟು ಕೇಳಿ. ಸ್ಟುಡಿಯೊದಲ್ಲಿ ಮೆಲ್ಲಗೆ ಮಾತಾಡಿದವರು ಜನರ ಮುಂದೆ ಎದ್ದು ನಿಲ್ಲುತ್ತಾರೆ. ಡ್ರಮ್ಸ್ ಮೇಲೆ ಕಿವಿ ಇಡಿ.